ಕಟ್ಟಡ ಸುರಕ್ಷತಾ ಸಮಿತಿಯ ಸಂಚಾಲಕಿ

ಲಾರಿ ಹಿಮ್ಮುಖವಾಗಿ ಬಂದು ಲೈಬ್ರರಿಯ ಮೆಟ್ಟಿಲ ಬಳಿ ನಿಂತಾಗ ಎಲ್ಲರೂ ಮೀಸೆ ಎಂದೇ ಕರೆಯುವ ಅಟೆಂಡರ್ ಒಳಗೆ ತಲೆ ಹಾಕಿ, ‘ನೆಂಟರು ಬಂದ್ರು ಮೇಡಂ’ ಅಂದ. ಗ್ರಂಥಪಾಲಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎದ್ದಳು. ನೆಂಟರು ಅಂದರೆ ಪುಸ್ತಕಗಳು. ಅದು ಆ ಕಾಲೇಜಿನ ಒಳಮಾತು. ಹೊರಗಿನವರ ಎದುರು ಯಾರೂ ಆಡುತ್ತಿರಲಿಲ್ಲ.

ಒಂದೇ ಆಡಳಿತ ಮಂಡಳಿಯ ಕೈಕೆಳಗೆ ಮೂರು ಕಾಲೇಜುಗಳಿದ್ದವು. ಕೆಲವು ವರ್ಷಗಳಿಗೊಮ್ಮೆ ಪ್ರತಿ ಕಾಲೇಜಿಗೂ ಮಾನ್ಯತೆಯ ತಂಡ ಬರುತ್ತದೆ. ಬೇರೆ ವಿಶ್ವವಿದ್ಯಾಲಯಗಳ ಹಿರಿಯ ಪ್ರಾಧ್ಯಾಪಕರು ಒಂದೆರಡು ದಿನ ತಂಗಿ, ತರಗತಿ, ಪ್ರಯೋಗಾಲಯ, ಶೌಚಾಲಯ, ಲೈಬ್ರರಿ ಎಲ್ಲ ನೋಡಿ, ವಿದ್ಯಾರ್ಥಿಗಳನ್ನು ಮಾತಾಡಿಸಿ, ಒಂದು ಗ್ರೇಡ್ ಕೊಟ್ಟು ಹೋಗುತ್ತಾರೆ. ಗ್ರೇಡ್ ಏರಿದರೆ ಹೊಸ ಕೋರ್ಸುಗಳು ಸಿಗುತ್ತವೆ, ಇಳಿದರೆ ಇರುವ ಕೋರ್ಸುಗಳಿಗೂ ಕುತ್ತು. ಮೂರು ಕಾಲೇಜುಗಳಿಗೆ ಸಾಲುವಷ್ಟು ಪುಸ್ತಕ ಮಂಡಳಿಯ ಬಳಿ ಇರಲಿಲ್ಲ. ಒಂದು ಕಾಲೇಜಿಗೆ ಸಾಲುವಷ್ಟು ಧಾರಾಳವಾಗಿ ಇದ್ದವು. ಆದ್ದರಿಂದ ತಂಡ ಎಲ್ಲಿಗೆ ಬರುತ್ತದೋ ಪುಸ್ತಕಗಳೂ ಅಲ್ಲಿಗೆ ಹೋಗುತ್ತಿದ್ದವು. ಇಳಿದ ಕೂಡಲೇ ಹಳೆಯ ಚೀಟಿಯ ಮೇಲೆ ಈ ಕಾಲೇಜಿನ ಚೀಟಿ ಅಂಟಿಸಿ ರ‍್ಯಾಕಿಗೆ ಏರಿಸುವುದು, ತಂಡ ಬೆನ್ನು ತಿರುಗಿಸಿದ ಮೇಲೆ ಮತ್ತೆ ಲಾರಿಗೆ ಹೇರುವುದು. ಕೆಲವು ಪುಸ್ತಕಗಳ ಬೆನ್ನಿನಲ್ಲಿ ಚೀಟಿಯ ಮೇಲೆ ಚೀಟಿ ಕೂತು ಬೆರಳಿಗೆ ಗಂಟಿನಂತೆ ಸಿಗುತ್ತಿತ್ತು. ‘ನಮಗಿಂತ ಇವೇ ಜಾಸ್ತಿ ಊರು ನೋಡಿದಾವೆ’ ಎಂದು ಮೀಸೆ ಪ್ರತಿ ಸಲವೂ ಹೇಳುತ್ತಿದ್ದ, ಪ್ರತಿ ಸಲವೂ ತಾನೇ ಮೊದಲು ನಗುತ್ತಿದ್ದ.

ಈ ಸಲ ಒಂದು ಲಾರಿಗೆ ಮುಗಿಯಲಿಲ್ಲ. ಹೊಸ ಕೋರ್ಸುಗಳ ಮೇಲೆ ಕಣ್ಣಿದ್ದುದರಿಂದ ಉಳಿದೆರಡು ಕಾಲೇಜುಗಳ ಪುಸ್ತಕಗಳೂ ಒಟ್ಟಿಗೇ ಬಂದವು. ಜೊತೆಗೆ ಕಬ್ಬಿಣದ ರ‍್ಯಾಕುಗಳೂ ಬಂದವು. ಎಲ್ಲವೂ ಮೇಲಿನ ಮಹಡಿಗೆ ಹೋಗಬೇಕು, ಗೋಡೆಯಿಂದ ಗೋಡೆಗೆ ತುಂಬಿ ತುಳುಕುವ ಹಾಗೆ ಕಾಣಬೇಕು ಎಂದು ಪ್ರಿನ್ಸಿಪಾಲರು ಹೇಳಿಕಳಿಸಿದ್ದರು. ಗ್ರಂಥಪಾಲಕಿ ಆಯ್ತು ಅಂದಳು.

ಆಯ್ತು ಅನ್ನುವುದು ಆಕೆಯ ಬಾಯಿಗೆ ಎಷ್ಟು ರೂಢಿಯಾಗಿತ್ತೆಂದರೆ ಸಹೋದ್ಯೋಗಿಗಳು ಬೆನ್ನ ಹಿಂದೆ ಆಕೆಯನ್ನು ‘ಆಯ್ತಮ್ಮ’ ಎಂದೇ ಕರೆಯುತ್ತಿದ್ದರು. ಅದು ಆಕೆಗೂ ಗೊತ್ತಿತ್ತು, ಬೇಸರವಿರಲಿಲ್ಲ. ಲೈಬ್ರರಿ ಎರಡು ಕೋಣೆಗಳಷ್ಟೇ ಇದ್ದ ಕಾಲದಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ತಾತ್ಕಾಲಿಕ ಅಂತ ಸೇರಿದವಳು. ತಾತ್ಕಾಲಿಕವೆಂಬುದು ತಲೆಗೂದಲು ನರೆಯುವವರೆಗೂ ಮುಂದುವರಿಯಿತು. ವರ್ಷ ವರ್ಷವೂ ಆದೇಶ ಬರುತ್ತದೋ ಇಲ್ಲವೋ ಎಂದು ಕಾಯುವವರು ಇಲ್ಲ ಅನ್ನುವುದನ್ನು ಮರೆತುಬಿಡುತ್ತಾರೆ. ಗಂಡ ಹೋದ ಮೇಲೆ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ ಆದಾಗ ಆ ಮರೆವು ಇನ್ನಷ್ಟು ಗಟ್ಟಿಯಾಯಿತು. ಕೊನೆಗೂ ಕೆಲಸ ಕಾಯಂ ಆದದ್ದು ಈಗಿನ ಪ್ರಿನ್ಸಿಪಾಲರು ಬಂದ ಮೇಲೆ. ಅವರು ಆ ವಿಷಯ ಎಂದೂ ಎತ್ತಿ ಆಡಲಿಲ್ಲ. ಎತ್ತಿ ಆಡುವ ಅಗತ್ಯವೂ ಬೀಳಲಿಲ್ಲ.

ಈಗಿನ ಲೈಬ್ರರಿ ಕಟ್ಟಡದಲ್ಲಿ ಕೆಳಗೆ ಓದುವ ಕೋಣೆ, ಮೇಲೆ ಪುಸ್ತಕಗಳು. ಕಟ್ಟಿದಾಗ ಮೇಲಿನದು ವಿದ್ಯಾರ್ಥಿನಿಯರ ವಿಶ್ರಾಂತಿ ಕೋಣೆಯಾಗಿತ್ತು. ನಾಲ್ಕು ಬೆಂಚು, ಒಂದು ಕನ್ನಡಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಲೈಬ್ರರಿ ದೊಡ್ಡದಾಗಿ ಕಾಣಬೇಕಾಗಿ ಬಂದಾಗ ಬೆಂಚು ಹೋಗಿ ರ‍್ಯಾಕು ಬಂತು. ಹಿಂದಿನ ವರ್ಷ ಓದುವ ಕೋಣೆಯ ನಡುವಿನ ಬೀಮಿನಲ್ಲಿ ಒಂದು ಬಿರುಕು ಕಾಣಿಸಿಕೊಂಡಿತು. ಆಗ ತಾರಸಿ ಸೋರುವುದನ್ನು ನೋಡಲು ಬಂದಿದ್ದ ಹೊರಗಿನ ಎಂಜಿನಿಯರ್ ಒಬ್ಬರು ಏಣಿ ಹತ್ತಿ, ಬಿರುಕಿಗೆ ಅಡ್ಡಲಾಗಿ ಬೆರಳಗಲದ ಒಂದು ಗಾಜಿನ ಪಟ್ಟಿ ಇಟ್ಟು, ಎರಡು ತುದಿಯನ್ನೂ ಸಿಮೆಂಟಿನಲ್ಲಿ ಕೂರಿಸಿ ಇಳಿದರು. ಕಡಿಮೆ ಮಾತಿನ ಮನುಷ್ಯ.

‘ಬಿರುಕು ಇರೋದು ದೊಡ್ಡ ವಿಷ್ಯ ಅಲ್ಲ ಮೇಡಂ. ಅದು ಮಲಗಿದ್ಯೋ ಎದ್ದಿದ್ಯೋ ಅನ್ನೋದು ವಿಷ್ಯ. ಈ ಗಾಜು ಒಡೆದ್ರೆ ಎದ್ದಿದೆ ಅಂತ ಅರ್ಥ. ಆಗ ನಂಗೆ ಫೋನ್ ಮಾಡಿ.’

ಅಂದಿನಿಂದ ಬೆಳಿಗ್ಗೆ ದೀಪ ಹಾಕಿದ ಕೂಡಲೇ ಬೇರೆಯವರು ಗಡಿಯಾರ ನೋಡುವ ಹಾಗೆ ಆಕೆ ಆ ಗಾಜನ್ನು ನೋಡುತ್ತಿದ್ದಳು. ಗಾಜು ಇತ್ತು. ದಿನ ಶುರುವಾಗುತ್ತಿತ್ತು.

ತಂಡ ಬರುವ ದಿನ ಗೊತ್ತಾದ ಮೇಲೆ ಬಣ್ಣದವರು ಬಂದರು. ಗಾಜೊಂದನ್ನು ಬಿಟ್ಟುಬಿಡಿ ಎಂದು ಆಕೆ ಕೇಳಿಕೊಂಡಳು. ಚಾವಣಿಯಲ್ಲಿ ಒಂದು ಕಲೆಯೂ ಉಳಿಯಬಾರದು ಎಂದು ಪ್ರಿನ್ಸಿಪಾಲರ ಅಪ್ಪಣೆಯಾಗಿದೆ, ಬಿಟ್ಟರೆ ತಮ್ಮ ತಲೆಗೆ ಬರುತ್ತದೆ ಎಂದು ಮೇಸ್ತ್ರಿ ಕೈ ಮುಗಿದ. ಸಂಜೆಯ ಹೊತ್ತಿಗೆ ಬೀಮು ಹಾಲಿನಂತೆ ಬೆಳ್ಳಗಾಗಿತ್ತು. ಬಣ್ಣದ ಅಡಿಯಲ್ಲಿ ಗಾಜು ಹಳೆಯ ಗಾಯದ ಗುರುತಿನಂತೆ ಕೊಂಚ ಉಬ್ಬಿ ಕಾಣುತ್ತಿತ್ತು, ಅಷ್ಟೆ. ಅದು ಇಡಿಯಾಗಿದೆಯೋ ಒಡೆದಿದೆಯೋ ಇನ್ನು ಯಾರೂ ಹೇಳುವಂತಿರಲಿಲ್ಲ.

ಆಕೆಯ ತಂಗಿಯ ಮಗಳು ಅದೇ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು, ಇರುವುದು ದೊಡ್ಡಮ್ಮನ ಮನೆಯಲ್ಲೇ. ಆ ದಿನಗಳಲ್ಲಿ ಊಟದ ಹೊತ್ತಿಗೆ ಅವಳ ಬಾಯಲ್ಲಿ ತಂಡದ ಮಾತೇ. ತಂಡದವರು ಏನು ಕೇಳಿದರೆ ಏನು ಹೇಳಬೇಕು ಎಂದು ಗುಣಮಟ್ಟ ಕೋಶದ ಸಂಯೋಜಕರು ವಿದ್ಯಾರ್ಥಿಗಳಿಗೆ ದಿನಾ ಅಭ್ಯಾಸ ಮಾಡಿಸುತ್ತಿದ್ದರು. ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ ಅವರು ಮಾನ್ಯತೆಯ ಕೆಲಸಕ್ಕೆ ಬಿದ್ದ ಮೇಲೆ ಪಾಠ ಬಿಟ್ಟು ಫೈಲು ಹಿಡಿದಿದ್ದರು. ಎಲ್ಲರೂ ಅವರನ್ನು ಫೈಲ್ ಮೇಷ್ಟ್ರು ಅನ್ನುತ್ತಿದ್ದರು.

ಹುಡುಗಿ ಅವರ ಹಾಗೆಯೇ ಕತ್ತು ವಾಲಿಸಿ ಹೇಳಿದಳು: ‘ಇಲ್ಲಿ ಏನಾದ್ರೂ ಕೊರತೆ ಇದ್ಯಾ ಅಂತ ಕೇಳಿದ್ರೆ ತಕ್ಷಣ ಇಲ್ಲ ಅನ್ಬಾರ್ದಂತೆ. ಒಂದು ಕ್ಷಣ ಯೋಚ್ನೆ ಮಾಡಿದ ಹಾಗೆ ಮಾಡಿ, ಆಮೇಲೆ ಇಲ್ಲ ಅನ್ಬೇಕಂತೆ.’

‘ಪರ್ವಾಗಿಲ್ವೇ, ಯೋಚ್ನೆ ಮಾಡೋದನ್ನೂ ಹೇಳಿಕೊಡ್ತಾರೆ’ ಎಂದರು ಅತ್ತೆ. ‘ಕಾಲೇಜು ಅಂದ್ರೆ ಹಾಗಿರ್ಬೇಕು.’

ಗ್ರಂಥಪಾಲಕಿಗೂ ನಗು ಬಂತು. ಬೀಮಿನ ಮಾತು ನಾಲಿಗೆಯ ತುದಿಗೆ ಬಂದಿತ್ತು, ನಗುವಿನ ಜೊತೆ ಒಳಕ್ಕೆ ಹೋಯಿತು.

ತಂಡ ಬರುವುದಕ್ಕೆ ಎರಡು ದಿನ ಮುಂಚೆ, ಮಧ್ಯಾಹ್ನ, ಮೇಲಿನ ಮಹಡಿಯಲ್ಲಿ ಕೊನೆಯ ರ‍್ಯಾಕುಗಳು ತುಂಬುತ್ತಿದ್ದವು. ಕೆಳಗೆ ಓದುವ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟಪ್ ಎಂದು ಒಂದು ಸದ್ದಾಯಿತು. ಯಾರೋ ಕಿಟಕಿಗೆ ಸಣ್ಣ ಕಲ್ಲು ಎಸೆದ ಹಾಗೆ. ಎಲ್ಲರೂ ತಲೆಯೆತ್ತಿ ಕಿಟಕಿಯ ಕಡೆ ನೋಡಿದರು, ಹೊರಗೆ ಯಾರೂ ಇಲ್ಲದ್ದನ್ನು ಕಂಡು ಮತ್ತೆ ತಲೆ ತಗ್ಗಿಸಿದರು. ಮೇಲೆ ಯಾರೂ ನೋಡಲಿಲ್ಲ. ಗ್ರಂಥಪಾಲಕಿಯ ಕಣ್ಣು ಮಾತ್ರ ನೇರ ಬೀಮಿಗೆ ಹೋಯಿತು. ಬಣ್ಣದ ಮೇಲೆ ಕೂದಲೆಳೆಯಷ್ಟು ಒಂದು ಗೆರೆ. ಅದರ ಕೆಳಗೇ, ಕಿಟಕಿಯ ಗಾಳಿ ಚೆನ್ನಾಗಿ ಬೀಸುವ ಜಾಗದಲ್ಲಿ, ತಂಗಿಯ ಮಗಳು ಕೂತಿದ್ದಳು. ಪುಟದ ಮೇಲೆ ಬಿದ್ದ ಬಿಳಿ ಪುಡಿಯನ್ನು ಅವಳು ಅಂಗೈಯಿಂದ ಒರೆಸಿ ಓದು ಮುಂದುವರಿಸಿದಳು.

ಬಣ್ಣ ಒಣಗುವಾಗ ಬಿರಿಯುವುದುಂಟು. ಆಕೆ ತನಗೆ ತಾನೇ ಹಾಗೆ ಹೇಳಿಕೊಂಡಳು. ಆದರೂ ವಿದ್ಯಾರ್ಥಿಗಳೆಲ್ಲ ಹೋದ ಮೇಲೆ, ಬೆಳಕಿರುವಾಗಲೇ, ಮೀಸೆಯಿಂದ ಏಣಿ ತರಿಸಿ ತಾನೇ ಹತ್ತಿದಳು. ‘ಬಿದ್ದುಗಿದ್ದೀರಿ ಮೇಡಂ, ನೀವಿಲ್ದಿದ್ರೆ ತಂಡಕ್ಕೆ ಯಾರನ್ನ ತೋರಿಸೋದು’ ಎಂದು ಮೀಸೆ ಏಣಿ ಹಿಡಿದುಕೊಂಡ. ಆಕೆ ಉಗುರಿನಿಂದ ಬಣ್ಣ ಕೆರೆದಳು. ಗಾಜು ಎರಡು ತುಂಡಾಗಿತ್ತು. ಅಷ್ಟೇ ಆಗಿದ್ದರೆ ಸಮಾಧಾನ ಹೇಳಿಕೊಳ್ಳಬಹುದಿತ್ತೇನೋ. ಬೆರಳು ಆಡಿಸಿದಾಗ ಒಂದು ತುಂಡು ಇನ್ನೊಂದಕ್ಕಿಂತ ಕೆಳಗಿರುವುದು ತಿಳಿಯಿತು. ನಡುವೆ ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು.

ಎಂಜಿನಿಯರ್‌ಗೆ ಫೋನ್ ಮಾಡಿದಾಗ ಅವರು ಬೇರೆ ಊರಿನಲ್ಲಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು. ಮೇಲಿನ ಭಾರ ಇಳಿಸಿ, ಕೆಳಗೆ ಯಾರನ್ನೂ ಕೂರಿಸಬೇಡಿ, ನಾಡಿದ್ದು ಬೆಳಿಗ್ಗೆ ನಾನೇ ಬರುತ್ತೇನೆ ಅಂದರು. ನಾಡಿದ್ದು ಮಾನ್ಯತೆಯ ತಂಡ ಬರುತ್ತದಲ್ಲ ಎಂದು ಆಕೆ ರಾಗ ಎಳೆದಳು.

‘ಅದು ಬೀಮಿಗೆ ಗೊತ್ತಾ ಮೇಡಂ?’ ಎಂದರು ಅವರು.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ, ಇನ್ನೆರಡು ದಿನ ಓದುವ ಕೋಣೆಗೆ ಕಾಲಿಡಬೇಡ ಎಂದು ಆಕೆ ತಂಗಿಯ ಮಗಳಿಗೆ ತಾಕೀತು ಮಾಡಿದಳು. ಯಾಕೆ ಎಂದು ಹುಡುಗಿ ಕೇಳಿದ್ದಕ್ಕೆ, ಹೇಳಿದಷ್ಟು ಮಾಡು ಅಂದಳು. ಆಮೇಲೆ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದಳು.

ಪ್ರಿನ್ಸಿಪಾಲರು ಎದ್ದು ನಿಂತು ಕುರ್ಚಿ ತೋರಿಸಿದರು. ಅವರು ಯಾರ ಮೇಲೂ ದನಿ ಎತ್ತಿದವರಲ್ಲ. ಬೀಮು ಇಷ್ಟು ವರ್ಷ ನಿಂತಿದೆ, ಇನ್ನೆರಡು ದಿನ ನಿಲ್ಲುವುದಿಲ್ಲವೇ ಎಂದರು. ತಂಡ ಹೋದ ಮರುದಿನವೇ ಕೋಣೆ ಖಾಲಿ ಮಾಡಿಸೋಣ, ಎಂಜಿನಿಯರನ್ನೂ ಕರೆಸೋಣ ಎಂದರು. ಆಮೇಲೆ, ಕಟ್ಟಡದ ವಿಷಯವೆಲ್ಲ ತಮ್ಮ ಕೈಯಲ್ಲಿಲ್ಲ, ಅದಕ್ಕೆ ಒಂದು ವ್ಯವಸ್ಥೆ ಅಂತ ಇದೆ, ಸಂಯೋಜಕರನ್ನು ಕೇಳಿ ಎಂದು ಬಾಗಿಲವರೆಗೂ ಬಂದು ಕಳಿಸಿಕೊಟ್ಟರು.

ಫೈಲ್ ಮೇಷ್ಟ್ರ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ. ಕುರ್ಚಿ, ಕಿಟಕಿಯ ಕಟ್ಟೆ, ನೆಲ ಎಲ್ಲ ಕಡೆ ಬಣ್ಣ ಬಣ್ಣದ ಫೈಲುಗಳು. ಅವರು ಆಕೆಯ ಮಾತನ್ನು ಪೂರ್ತಿ ಕೇಳಿದರು. ಇದನ್ನು ತೀರ್ಮಾನಿಸಬೇಕಾದ್ದು ಕಟ್ಟಡ ಸುರಕ್ಷತಾ ಸಮಿತಿ ಎಂದರು. ಅದರ ಸಂಚಾಲಕರು ಯಾರು, ಈಗಲೇ ಹೋಗಿ ಹೇಳುತ್ತೇನೆ ಎಂದು ಆಕೆ ಎದ್ದಳು.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ‘ನೀವೇ ಅಲ್ವಾ ಮೇಡಂ.’

ತಮಾಷೆ ಎಂದುಕೊಂಡು ಆಕೆ ನಕ್ಕಳು. ಅವರು ನಗಲಿಲ್ಲ.

ಆಗ ನೆನಪಾಯಿತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವಾಗ ಮೇಷ್ಟ್ರು ಒಂದು ಕಟ್ಟು ಹಾಳೆ ತಂದು, ಸಮಿತಿಗಳ ರಚನೆ, ಮಾನ್ಯತೆಗೆ ಬೇಕು, ಇಲ್ಲೊಂದು ಇಲ್ಲೊಂದು ಸಹಿ ಹಾಕಿಬಿಡಿ ಅಂದಿದ್ದರು. ಕ್ರೀಡೆಗೆ ಒಬ್ಬರು, ಕ್ಯಾಂಟೀನಿಗೆ ಒಬ್ಬರು, ದೂರುಗಳಿಗೆ ಒಬ್ಬರು. ಈಜುಕೊಳವೇ ಇಲ್ಲದ ಕಾಲೇಜಿನಲ್ಲಿ ಈಜುಕೊಳ ಸಮಿತಿಗೂ ಒಬ್ಬರು ಸಿಕ್ಕಿದ್ದು ಆ ದಿನದ ದೊಡ್ಡ ನಗೆಯಾಗಿತ್ತು. ಆಕೆ ಓದದೆ ಸಹಿ ಹಾಕಿದ್ದಳು. ಆಮೇಲೂ ಆಗಾಗ ಹಾಳೆಗಳು ಬರುತ್ತಿದ್ದವು, ಆಕೆ ಹಾಕುತ್ತಿದ್ದಳು. ಅವು ಸಭೆಯ ನಡಾವಳಿಗಳು ಎಂದು ಈಗ ಮೇಷ್ಟ್ರು ತಿಳಿಸಿದರು. ಸಮಿತಿ ಸೇರಿತು, ಎಲ್ಲ ಕಟ್ಟಡಗಳನ್ನೂ ಪರಿಶೀಲಿಸಿತು, ಎಲ್ಲವೂ ಸುಸ್ಥಿತಿಯಲ್ಲಿವೆ ಎಂದು ಕಂಡುಕೊಂಡಿತು.

ಸಂಚಾಲಕಿ ಏನು ಮಾಡಬಹುದು ಎಂದು ಆಕೆ ಕೇಳಿದಳು. ಅಪಾಯ ಕಂಡರೆ ಯಾವ ಕೋಣೆಯನ್ನಾದರೂ ತಕ್ಷಣ ಮುಚ್ಚಿಸಬಹುದು, ಯಾರ ಅನುಮತಿಯೂ ಬೇಕಿಲ್ಲ ಎಂದು ನಿಯಮದಲ್ಲಿತ್ತು. ನಿಯಮ ಬರೆದದ್ದು ಮೇಷ್ಟ್ರೇ. ಬರೆದದ್ದಲ್ಲ, ಎಲ್ಲಿಂದಲೋ ಎತ್ತಿದ್ದು.

‘ದೊಡ್ಡ ಯೂನಿವರ್ಸಿಟಿಯಿಂದಾನೇ ತಗೊಂಡಿದ್ದು ಮೇಡಂ. ನಮಗೆ ಹೊಂದುತ್ತೋ ಇಲ್ವೋ ಅಂತ ನೋಡೋಕೆ ಯಾರಿಗೆ ಪುರಸೊತ್ತಿತ್ತು?’

‘ಹಾಗಾದ್ರೆ ನಾನು ಮುಚ್ಚಿಸಬಹುದು.’

‘ಮುಚ್ಚಿಸಿ. ಯಾಕೆ ಮುಚ್ಚಿದ್ರಿ ಅಂತ ತಂಡದವರು ಕೇಳ್ತಾರೆ. ಬಿರುಕು ಅಂತೀರಿ. ಯಾವಾಗಿಂದ ಇದೆ ಅಂತಾರೆ. ಹೋದ ವರ್ಷದಿಂದ ಅಂತೀರಿ. ಹಾಗಾದ್ರೆ ಸುಸ್ಥಿತಿಯಲ್ಲಿದೆ ಅಂತ ಸಹಿ ಹಾಕಿದೋರು ಯಾರು ಅಂತಾರೆ.’ ಮೇಷ್ಟ್ರು ಫೈಲಿನ ದಾರ ಕಟ್ಟುತ್ತಾ ದನಿ ತಗ್ಗಿಸಿದರು. ‘ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ.’

ಅವರು ನಿಜಕ್ಕೂ ಒಳ್ಳೆಯದಕ್ಕೇ ಹೇಳುತ್ತಿದ್ದರು. ಬೆದರಿಸಿದ್ದರೆ ಆಕೆಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಲೈಬ್ರರಿಗೆ ಮರಳುವಾಗ ಆಕೆಗೆ ಲೆಕ್ಕ ಸ್ಪಷ್ಟವಾಗಿತ್ತು. ಬಾಯಿ ಮುಚ್ಚಿಕೊಂಡಿದ್ದು ಬೀಮು ನಿಂತರೆ ಯಾರಿಗೂ ಏನೂ ಆಗುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದು ಬೀಮು ಬಿದ್ದರೆ ಕೆಳಗಿದ್ದವರು ಹೋಗುತ್ತಾರೆ, ಸಹಿ ಮಾತ್ರ ಉಳಿಯುತ್ತದೆ. ಬಾಯಿ ಬಿಟ್ಟರೆ ಕೋಣೆ ಉಳಿದವರಿಗೆ ಮುಚ್ಚುತ್ತದೆ, ಕಾಲೇಜು ತನಗೆ ಮುಚ್ಚುತ್ತದೆ. ತಂಗಿಯ ಮಗಳಂತೂ ಅಲ್ಲಿಲ್ಲ ಎಂಬುದೊಂದೇ ಸಮಾಧಾನವನ್ನು ಗಟ್ಟಿಯಾಗಿ ಹಿಡಿದುಕೊಂಡು ಓದುವ ಕೋಣೆಯ ಬಾಗಿಲು ದಾಟಿದಳು.

ಬೀಮಿನ ಕೆಳಗಿನ ಆ ಕುರ್ಚಿಯಲ್ಲಿ ಬೇರೊಬ್ಬ ಹುಡುಗಿ ಕೂತಿದ್ದಳು. ಮೊದಲ ವರ್ಷದವಳು, ಪೆನ್ಸಿಲ್ ಕಚ್ಚಿಕೊಂಡು, ಕಾಲು ಮೇಲೆತ್ತಿ ಮಡಿಸಿಕೊಂಡು ಆರಾಮಾಗಿ ಓದುತ್ತಿದ್ದಳು. ಹೊರಗೆ ಕಾರಿಡಾರಿನಲ್ಲಿ ಸಿಕ್ಕ ತಂಗಿಯ ಮಗಳು ತಾನು ಮಾಡಿದ್ದನ್ನು ಉತ್ಸಾಹದಿಂದ ಹೇಳಿದಳು.

‘ನಾನೇ ಅವಳಿಗೆ ಕೊಟ್ಟೆ ದೊಡ್ಡಮ್ಮ. ಅಷ್ಟು ಒಳ್ಳೇ ಜಾಗ ಸುಮ್ನೆ ಖಾಲಿ ಬಿಡೋದು ಯಾಕೆ? ಪಾಪ, ಅವಳಿಗೆ ಎಲ್ಲೂ ಸೀಟೇ ಸಿಗ್ತಿರ್ಲಿಲ್ಲ.’

ಗ್ರಂಥಪಾಲಕಿ ಅವಳ ಮುಖವನ್ನೇ ನೋಡುತ್ತಾ ನಿಂತಳು. ಬೈಯಲು ಏನೂ ಇರಲಿಲ್ಲ.

ಆ ದಿನ ಆಕೆ ಅರ್ಧ ಕೆಲಸ ಮಾಡಿ ನೋಡಿದಳು. ಯಾರಿಗೂ ಹೇಳದೆ ಬೀಮಿನ ಕೆಳಗಿನ ಮೇಜುಗಳನ್ನು ಗೋಡೆಯ ಕಡೆಗೆ ಸರಿಸಿದಳು. ಮೀಸೆಯೂ ತಾನೂ ಸೇರಿ ಮೇಲಿನ ರ‍್ಯಾಕುಗಳಿಂದ ಕೈಗೆ ಸಿಕ್ಕಷ್ಟು ಪುಸ್ತಕ ಇಳಿಸಿ ಮೆಟ್ಟಿಲ ಕೆಳಗೆ ಪೇರಿಸಿದರು. ಬೆವರೊರೆಸಿಕೊಳ್ಳುತ್ತಾ ಮೀಸೆ, ‘ನೆಂಟರನ್ನ ಊಟಕ್ಕೆ ಮುಂಚೆನೇ ಎಬ್ಬಿಸ್ತಿದೀವಲ್ಲ ಮೇಡಂ’ ಅಂದ. ಸಂಜೆ ಪ್ರಿನ್ಸಿಪಾಲರು ಕೊನೆಯ ಸುತ್ತಿಗೆ ಬಂದರು. ಮೇಲೆ ಹಲ್ಲು ಬಿದ್ದ ಬಾಯಿಯಂತಿದ್ದ ರ‍್ಯಾಕುಗಳನ್ನು ನೋಡಿದರು, ಕೆಳಗೆ ಗೋಡೆಗೆ ಒತ್ತಿಕೊಂಡ ಮೇಜುಗಳನ್ನು ನೋಡಿದರು. ಜೊತೆಗಿದ್ದವರಿಗೆ ಎಲ್ಲವನ್ನೂ ಇದ್ದ ಹಾಗೆ ಮಾಡಲು ಹೇಳಿದರು. ನಾಳೆ ಕೊನೆಯ ವರ್ಷದವರೆಲ್ಲ ಇಲ್ಲೇ ಕೂತಿರಬೇಕು, ಕುರ್ಚಿ ಸಾಲದಿದ್ದರೆ ಕ್ಯಾಂಟೀನಿನಿಂದ ತರಿಸಿ ಎಂದರು. ಕೊನೆಯ ವರ್ಷದವಳಾದ ತಂಗಿಯ ಮಗಳೂ ಆ ಲೆಕ್ಕದಲ್ಲಿ ಬಂದಳು.

ಹೊರಡುವಾಗ ಗ್ರಂಥಪಾಲಕಿಯ ಪಕ್ಕ ನಿಂತು, ಹವಾಮಾನ ವಿಚಾರಿಸುವ ದನಿಯಲ್ಲಿ ಕೇಳಿದರು: ‘ನಿಮ್ಮ ನಿವೃತ್ತಿಗೆ ಇನ್ನೂ ಎಷ್ಟು ವರ್ಷ ಇದೆ ಮೇಡಂ?’

ಆಕೆ ಉತ್ತರ ಹೇಳಿದಳು. ಅವರು ತಲೆದೂಗಿ, ಬೇಗ ಕಳೆದುಹೋಗುತ್ತದೆ ಎಂದು ಮೆಟ್ಟಿಲಿಳಿದರು.

ಬೆಳಿಗ್ಗೆ ಕಾಲೇಜಿನ ಅಂಗಳ ಗುರುತು ಸಿಗದಷ್ಟು ಚೊಕ್ಕಟವಾಗಿತ್ತು. ಓದುವ ಕೋಣೆ ಭರ್ತಿಯಾಗಿತ್ತು. ಇಸ್ತ್ರಿ ಮಾಡಿದ ಬಟ್ಟೆ, ಬಾಚಿದ ತಲೆ, ಎಲ್ಲರ ಮುಂದೂ ಒಂದೊಂದು ದಪ್ಪ ಪುಸ್ತಕ. ತಲೆಯ ಮೇಲೆ ಮೂರು ಕಾಲೇಜುಗಳ ಭಾರ. ಬೀಮಿನ ಗೆರೆ ಈಗ ಹುಡುಕದೆಯೇ ಕಾಣುತ್ತಿತ್ತು. ಗ್ರಂಥಪಾಲಕಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಒಳಗೆ ಬಂದಾಗ ಆಕೆಯ ದನಿ ಎಂದಿನಂತೆಯೇ ಮೆಲ್ಲಗಿತ್ತು.

‘ಎಲ್ಲರೂ ಎದ್ದು ಹೊರಗೆ ಹೋಗಿ.’

ಯಾರೂ ಏಳಲಿಲ್ಲ. ಮುಂದೆ ಕೂತಿದ್ದ ಹುಡುಗನೊಬ್ಬ ಪುಸ್ತಕದಿಂದ ತಲೆ ಎತ್ತದೆ, ಗುಟ್ಟು ಹೇಳುವವನಂತೆ ಕೇಳಿದ: ‘ಮೇಡಂ, ಇದೂ ಪ್ರಾಕ್ಟೀಸಾ?’

‘ಅಲ್ಲ’ ಅಂದಳು. ಆ ಒಂದು ಮಾತಿನಲ್ಲಿ ಅವರಿಗೇನು ಕೇಳಿಸಿತೋ, ಒಬ್ಬೊಬ್ಬರಾಗಿ ಎದ್ದರು. ಮೊದಲ ಸಾಲಿನವರು ಹೊರಡುತ್ತಲೇ ಉಳಿದವರೂ ಹೊರಟರು. ತಂಗಿಯ ಮಗಳು ದಾಟುವಾಗ ದೊಡ್ಡಮ್ಮನ ಮುಖ ನೋಡಿದಳು. ಕೋಣೆ ಖಾಲಿಯಾದ ಮೇಲೆ ಆಕೆ ಬೀಗ ಹಾಕಿ, ಮೀಸೆ ಎಲ್ಲಿಂದಲೋ ತಂದ ಹಗ್ಗವನ್ನು ಬಾಗಿಲಿಗೆ ಅಡ್ಡ ಕಟ್ಟಿದಳು.

ತಂಡ ಬಂದಾಗ ಮುಂದೆ ಪ್ರಿನ್ಸಿಪಾಲರಿದ್ದರು, ಹಿಂದೆ ಫೈಲ್ ಮೇಷ್ಟ್ರು. ಅಧ್ಯಕ್ಷರು ನರೆತ ಗಡ್ಡದ, ನಿಧಾನ ನಡಿಗೆಯ ಮನುಷ್ಯ. ಹಗ್ಗ ನೋಡಿ ನಿಂತರು. ಹೊರಗೆ ಗುಂಪುಗೂಡಿದ್ದ ವಿದ್ಯಾರ್ಥಿಗಳನ್ನು ನೋಡಿದರು. ಏನಾಗಿದೆ ಎಂದು ಕೇಳಿದರು.

ಪ್ರಿನ್ಸಿಪಾಲರ ಮುಖದಲ್ಲಿ ನಗು ಎಲ್ಲೂ ಕದಲಲಿಲ್ಲ. ಒಂದು ಉಸಿರಿನಷ್ಟು ಹೊತ್ತೂ ಹಿಡಿಯದೆ ಅವರು, ನಮ್ಮ ಕಟ್ಟಡ ಸುರಕ್ಷತಾ ಸಮಿತಿ ಬಹಳ ಚುರುಕಾಗಿದೆ, ಎಷ್ಟೇ ದೊಡ್ಡವರು ಬಂದರೂ ತನ್ನ ಪರಿಶೀಲನೆ ತಪ್ಪಿಸುವುದಿಲ್ಲ, ಇವರೇ ಅದರ ಸಂಚಾಲಕಿ ಎಂದು ಗ್ರಂಥಪಾಲಕಿಯ ಕಡೆ ಕೈ ತೋರಿಸಿದರು. ತಂಡದಲ್ಲಿ ಒಬ್ಬಿಬ್ಬರು ಮೆಚ್ಚುಗೆಯಿಂದ ತಲೆದೂಗಿದರು. ಮೇಷ್ಟ್ರು ಆಗಲೇ ಕಂಕುಳಿನಿಂದ ಹಸಿರು ಫೈಲು ತೆಗೆದು ಪುಟ ತಿರುವುತ್ತಿದ್ದರು.

ದಾರಿ ತೆರೆದಿತ್ತು. ಹೌದು, ಮಾಮೂಲಿ ಪರಿಶೀಲನೆ ಸರ್ ಅಂದರೆ ಸಾಕು. ಗ್ರೇಡ್ ಉಳಿಯುತ್ತದೆ, ಕೆಲಸ ಉಳಿಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಬೀಗವೂ ತೆರೆಯುತ್ತದೆ. ಬೀಗ ತೆರೆದ ಮೇಲೆ ಹುಡುಗರು ಮತ್ತೆ ಒಳಗೆ ಹೋಗುತ್ತಾರೆ.

‘ಒಳ್ಳೇದು’ ಎಂದರು ಅಧ್ಯಕ್ಷರು. ‘ಸಮಿತಿ ಇದಕ್ಕೆ ಮುಂಚೆ ಯಾವಾಗ ಪರಿಶೀಲನೆ ಮಾಡಿತ್ತು?’

‘ಮುಂಚೆ ಅಂತ ಇಲ್ಲ ಸರ್’ ಅಂದಳು ಗ್ರಂಥಪಾಲಕಿ. ‘ಇವತ್ತೇ ಮೊದಲು.’

ಅಧ್ಯಕ್ಷರು ಫೈಲಿನ ಕಡೆ ನೋಡಿದರು. ‘ಇದರಲ್ಲಿ ಸಹಿಗಳಿವೆಯಲ್ಲ.’

‘ನನ್ನವೇ. ಸೇರದೇ ಇದ್ದ ಸಭೆಗೆ ಹಾಕಿದ್ದು. ಈ ಬೀಮು ಹೋದ ವರ್ಷಾನೇ ಬಿರುಕು ಬಿಟ್ಟಿತ್ತು. ಮೇಲಿರೋ ಪುಸ್ತಕ ಎಲ್ಲ ನಮ್ಮವಲ್ಲ ಸರ್, ನಿಮಗೆ ತೋರಿಸೋಕೆ ಅಂತ ತಂದಿರೋದು. ಆ ಭಾರಕ್ಕೆ ಈಗ ಇಳೀತಾ ಇದೆ.’





ಮೇಷ್ಟ್ರು ತೆರೆದ ಫೈಲನ್ನು ಎದೆಗೆ ಅವಚಿಕೊಂಡರು. ಪ್ರಿನ್ಸಿಪಾಲರ ನಗು ಇನ್ನೂ ಅಲ್ಲೇ ಇತ್ತು, ಅದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹೊತ್ತು ನಿಂತವರ ಹಾಗೆ. ಟೀ ತಣ್ಣಗಾಗುತ್ತದೆ, ದಯವಿಟ್ಟು ಈ ಕಡೆ ಎಂದು ಕೊನೆಗೆ ಅವರು ತಂಡವನ್ನು ಕಚೇರಿಯ ಕಡೆ ಕರೆದುಕೊಂಡು ಹೋದರು. ಅಧ್ಯಕ್ಷರು ಒಮ್ಮೆ ತಿರುಗಿ ನೋಡಿದರು. ಗ್ರಂಥಪಾಲಕಿಯ ಜೊತೆ ಮೀಸೆ ಬಿಟ್ಟರೆ ಯಾರೂ ಉಳಿಯಲಿಲ್ಲ. ಅವನು ಹಗ್ಗದ ಗಂಟನ್ನು ಮತ್ತೊಮ್ಮೆ ಬಿಗಿದ.

ಎಂಜಿನಿಯರ್ ಬಂದದ್ದು ಅದಾದ ಸ್ವಲ್ಪ ಹೊತ್ತಿಗೆ. ಬೀಗ ತೆಗೆಸಿ ಒಬ್ಬರೇ ಒಳಗೆ ಹೋದರು, ಬೇಗ ಹೊರಗೆ ಬಂದರು. ಹಗ್ಗ ಬಿಚ್ಚಿ ಕಾರಿಡಾರಿನ ತುದಿಗೆ ಕಟ್ಟಿಸಿದರು. ಗೋಡೆಗೆ ಅಂಗೈ ಇಟ್ಟು ನಿಂತರು, ಮೇಲಿನ ಮಹಡಿಯ ಕಿಟಕಿಯ ಚೌಕಟ್ಟು ನೋಡಿದರು, ಹಗ್ಗವನ್ನು ಮತ್ತೆ ಬಿಚ್ಚಿಸಿ ಅಂಗಳಕ್ಕೆ ಕಟ್ಟಿಸಿದರು. ವಿದ್ಯಾರ್ಥಿಗಳನ್ನು ಇನ್ನೂ ಹಿಂದಕ್ಕೆ ಸರಿಸಲು ಹೇಳಿದರು. ಆಮೇಲೆ ಗ್ರಂಥಪಾಲಕಿಯನ್ನು ಹತ್ತಿರ ಕರೆದು, ಪಕ್ಕದ ತರಗತಿಯ ಹಾಲ್ ಕೂಡ ಇದೇ ಕಾಲದ್ದೇ ಎಂದು ಕೇಳಿದರು. ಅದೇ ವರ್ಷದ್ದು, ಕಟ್ಟಿದವರೂ ಅವರೇ ಎಂದಳು.

‘ಅದರ ಮೇಲೇನಿದೆ?’

ಪರೀಕ್ಷೆಯ ಹಳೆಯ ಉತ್ತರಪತ್ರಿಕೆಗಳು. ವರ್ಷಗಟ್ಟಲೆಯವು, ಕಟ್ಟು ಕಟ್ಟಾಗಿ ಚಾವಣಿ ಮುಟ್ಟುವವರೆಗೆ. ಎಸೆಯಲು ಯಾರೂ ಸಹಿ ಹಾಕದೆ ಉಳಿದವು.

‘ಕೆಳಗೆ?’

ಆಕೆ ಬಾಯಿ ತೆರೆಯುವ ಮುಂಚೆಯೇ ಉತ್ತರ ಕೇಳಿಸುತ್ತಿತ್ತು. ಪಕ್ಕದ ಹಾಲಿನಿಂದ ಉಪನ್ಯಾಸಕರ ಮೈಕಿನ ದನಿ, ನಡುವೆ ಹುಡುಗರ ನಗು. ತಂಡ ಇರುವಷ್ಟು ಹೊತ್ತು ಎಲ್ಲ ತರಗತಿಗಳೂ ಭರ್ತಿಯಾಗಿ ನಡೆಯುತ್ತಿರಬೇಕು ಎಂದು ಅಪ್ಪಣೆಯಾಗಿತ್ತು. ಪ್ರಿನ್ಸಿಪಾಲರಿಗೆ ಹೇಳಿಬರುತ್ತೇನೆ ಎಂದು ಮೀಸೆ ಕಚೇರಿಯ ಕಡೆ ತಿರುಗಿದ. ಗ್ರಂಥಪಾಲಕಿ ಆಗಲೇ ಹಾಲಿನ ಬಾಗಿಲ ಮೆಟ್ಟಿಲು ಹತ್ತುತ್ತಿದ್ದಳು.

ಉಪನ್ಯಾಸಕ ಚಿಕ್ಕ ವಯಸ್ಸಿನವನು. ಬಾಗಿಲು ತಳ್ಳಿಕೊಂಡು ಬಂದವಳನ್ನು ನೋಡಿ ಮೈಕನ್ನು ಕೆಳಗಿಳಿಸಿದ. ತರಗತಿ ಖಾಲಿ ಮಾಡಿಸಬೇಕು ಎಂದು ಆಕೆ ಹೇಳಿದಾಗ ತಂಡವೇ ಬಂದಿರಬೇಕೆಂದು ಬಾಗಿಲಾಚೆ ಇಣುಕಿದ. ಅಲ್ಲಿ ಯಾರೂ ಇರಲಿಲ್ಲ.

‘ಯಾರು ಹೇಳಿದ್ದು ಮೇಡಂ? ಪ್ರಿನ್ಸಿಪಾಲರ ಆರ್ಡರ್ ಇದ್ಯಾ?’

‘ಇಲ್ಲ. ನಾನು ಹೇಳ್ತಿರೋದು.’ ಆಕೆ ವಿದ್ಯಾರ್ಥಿಗಳ ಕಡೆ ತಿರುಗಿದಳು. ‘ಬಾಗಿಲ ಹತ್ತಿರ ಇರೋರು ಮೊದಲು ಹೊರಡಿ. ಓಡಬೇಡಿ.’

ಬೆಂಚುಗಳು ಕಿರುಗುಟ್ಟಿದವು. ಮುಂದಿನವರು ಗೊಣಗುತ್ತಾ ಎದ್ದರು. ಹಿಂದಿನ ಸಾಲಿನವರು ಇನ್ನೂ ಕೂತೇ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು, ಪುಸ್ತಕಗಳನ್ನು ಒಂದೊಂದಾಗಿ ಜೋಡಿಸಿಕೊಳ್ಳುತ್ತಿದ್ದರು. ಆಕೆ ಗೋಡೆಗುಂಟ ಹಿಂದಿನ ಸಾಲಿನವರೆಗೂ ನಡೆದುಹೋದಳು.

‘ಬ್ಯಾಗ್ ಬಿಡಿ’ ಅಂದಳು. ‘ಅಲ್ಲೇ ಬಿಟ್ಟು ಏಳಿ.’